ಕಡಲು ಏರುತ್ತಿದೆಯೇ, ಇಲ್ಲವೇ? ಮುಗಿಯದ ಜಗಳದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲಮಟ್ಟದ ಮಾತು ಎದ್ದರೆ ಸಾಕು, ಕುಟುಂಬದ ವಾಟ್ಸ್ಆಪ್ ಗುಂಪಿನಲ್ಲೂ ಎರಡು ಬಣ ಹುಟ್ಟಿಕೊಳ್ಳುತ್ತವೆ. ಒಂದು ಬಣ ಮುಂಬೈ ಮುಳುಗಿದ ನಕ್ಷೆಯನ್ನು ಕಳಿಸುತ್ತದೆ. ಇನ್ನೊಂದು ಬಣ ನೂರು ವರ್ಷ ಹಳೆಯ ಬಂದರಿನ ಫೋಟೊ ಹಾಕಿ, ‘ಎಲ್ಲಿ ಏರಿದೆ, ತೋರಿಸಿ’ ಎಂದು ಸವಾಲು ಹಾಕುತ್ತದೆ. ಈ ಪ್ರಶ್ನೋತ್ತರ ಇಬ್ಬರಿಗೂ ಸೇರಿದ್ದು. ಸಂಶಯ ಪಡುವವರು ಮುಂದಿಡುವ ಸಂಗತಿಗಳಲ್ಲಿ ಹಲವು ನಿಜ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡೋಣ. ನಿಲ್ಲದಿರುವುದು ಅವುಗಳಿಂದ ಅವರು ತೆಗೆಯುವ ತೀರ್ಮಾನ.

ಸುತ್ತಿಬಳಸದೆ ಹೇಳಿ: ಏರುತ್ತಿದೆಯೋ ಇಲ್ಲವೋ?

ಏರುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಮೇಲೆ ಬಂದಿದೆ. ವೇಗವೂ ಹೆಚ್ಚಿದೆ. 1901–1971ರ ಅವಧಿಯಲ್ಲಿ ವರ್ಷಕ್ಕೆ ಸರಾಸರಿ 1.3 ಮಿಲಿಮೀಟರ್ ಇದ್ದ ಏರಿಕೆ 2006–2018ರ ಹೊತ್ತಿಗೆ 3.7 ಮಿಲಿಮೀಟರ್ ಆಗಿತ್ತು. ಇವು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿ 2021ರ ವರದಿಯಲ್ಲಿ ಕೊಟ್ಟ ಅಂಕಿಗಳು.

ಇಷ್ಟು ಖಚಿತವಾಗಿದ್ದರೆ ಜಗಳ ಏಕೆ?

ದಡದಲ್ಲಿ ನಿಂತವನಿಗೆ ಕಾಣುವುದು ಕಡಲೊಂದೇ ಅಲ್ಲ, ಕಡಲು ಮತ್ತು ನೆಲದ ನಡುವಿನ ಅಂತರ. ನೆಲವೂ ಸುಮ್ಮನೆ ಕೂತಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಕಡಲು ವರ್ಷವರ್ಷ ಕೆಳಗಿಳಿಯುತ್ತಿದೆ. ಅಲಾಸ್ಕದ ಜೂನೋದಲ್ಲಿ ಅದು ವರ್ಷಕ್ಕೆ ಸೆಂಟಿಮೀಟರಿಗೂ ಮಿಕ್ಕಿ ಇಳಿಯುತ್ತಿದೆ. ಒಂದು ಕಾಲದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ಹೊರೆ ಹೊತ್ತಿದ್ದ ಸ್ವೀಡನ್ನಿನ ನೆಲ ಆ ಹೊರೆ ಕರಗಿದ ಮೇಲೆ ಇಂದಿಗೂ ಮೇಲೇಳುತ್ತಿದೆ. ಜೂನೋದಲ್ಲಿ ಹತ್ತಿರದ ಹಿಮನದಿಗಳು ಕರಗಿ ನೆಲ ಹಗುರಾಗುತ್ತಿದೆ. ಜಕಾರ್ತದ ಕಥೆ ತಿರುವುಮುರುವು. ಅಲ್ಲಿ ಅಂತರ್ಜಲವನ್ನು ಎಗ್ಗಿಲ್ಲದೆ ಎತ್ತಿದ್ದರಿಂದ ಕೆಲವು ಬಡಾವಣೆಗಳು ಕಡಲು ಏರುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಕುಸಿದಿವೆ.

ಈ ಜಗಳಕ್ಕೆ ಮುನ್ನೂರು ವರ್ಷದ ವಯಸ್ಸಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಉಷ್ಣತಾಮಾಪಕದಿಂದ ಹೆಸರಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಸ್ವೀಡನ್ನಿನ ಲೋವ್‌ಗ್ರುಂಡ್ ದ್ವೀಪದ ಬಂಡೆಯೊಂದರ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದ. ಕಡಲಿನ ನೀರೇ ಕಡಿಮೆಯಾಗುತ್ತಿದೆ ಎಂಬುದು ಅವನ ನಂಬಿಕೆ. ಇದು ಬೈಬಲ್ಲಿನ ಕಾಲಗಣನೆಗೆ ಹೊಂದುವುದಿಲ್ಲವೆಂದು ಪಾದ್ರಿಗಳು ಮುನಿದರು, ವಾದ ಸ್ವೀಡನ್ನಿನ ಸಂಸತ್ತಿನವರೆಗೂ ಹೋಯಿತು. ಏಳುತ್ತಿದ್ದದ್ದು ನೆಲ ಎಂಬುದು ಆಗ ಎರಡೂ ಕಡೆಯವರ ತಲೆಗೆ ಹೊಳೆದಿರಲಿಲ್ಲ. ಅವನ ಗುರುತು ಈಗ ನೀರಿನಿಂದ ಎರಡು ಮೀಟರಿಗೂ ಮೇಲಿದೆ.

ನಮ್ಮೂರ ಕಡಲು ಚಿಕ್ಕಂದಿನಲ್ಲಿ ನೋಡಿದಂತೆಯೇ ಇದೆಯಲ್ಲ?

ಇರಬಹುದು. ಕಣ್ಣಳತೆಗೆ ಸಿಗುವ ಸಂಗತಿ ಇದಲ್ಲ. ಮುಂಬೈಯ ಅಪೊಲೊ ಬಂದರಿನಲ್ಲಿ 1878ರಿಂದ ಉಬ್ಬರವಿಳಿತದ ದಾಖಲೆ ಇದೆ. ಏಷ್ಯಾದಲ್ಲಿ ಇಷ್ಟು ಉದ್ದದ ದಾಖಲೆ ಸಿಗುವುದೇ ಅಪರೂಪ. ಅದು ತೋರಿಸುವ ಏರಿಕೆ ವರ್ಷಕ್ಕೆ ಒಂದು ಮಿಲಿಮೀಟರಿಗೂ ತುಸು ಕಡಿಮೆ, ಎಂದರೆ ನೂರು ವರ್ಷಕ್ಕೆ ಅಂಗೈ ಅಗಲದಷ್ಟು. ಅದೇ ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಂದು ಉಬ್ಬರಕ್ಕೂ ಇಳಿತಕ್ಕೂ ನಾಲ್ಕು ಮೀಟರಿಗಿಂತ ಹೆಚ್ಚು ಅಂತರ ಇರುತ್ತದೆ. ಹಳೆಯ ಫೋಟೊ ತೆಗೆದದ್ದು ಯಾವ ತಿಥಿ, ಯಾವ ಗಳಿಗೆ ಎಂದು ತಿಳಿಯದೆ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ಏನನ್ನು ಬೇಕಾದರೂ ಸಾಧಿಸಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಅಲೆಗಳು ಅಬ್ಬರಿಸುವಾಗ ಕಡಲು ಮೇಲೇರಿದೆ ಎಂದೇ ಅನ್ನಿಸುತ್ತದೆ. ಅಲೆಗಳನ್ನು ಕಳೆದು ಸರಾಸರಿ ತೆಗೆದರೆ ಕೊಚ್ಚಿ, ಮಂಗಳೂರು ಕಡೆ ವರ್ಷದ ಅತಿ ಕಡಿಮೆ ಮಟ್ಟ ಕಾಣುವುದು ಮುಂಗಾರಿನ ಕೊನೆಯ ಹೊತ್ತಿಗೆ, ಹೆಚ್ಚು ಮಟ್ಟ ಚಳಿಗಾಲದಲ್ಲಿ. ಈ ಋತುವಿನ ಏರಿಳಿತವೇ ಹತ್ತಾರು ಸೆಂಟಿಮೀಟರ್. ಅದರೊಳಗೆ ವರ್ಷಕ್ಕೆ ಮೂರು ಮಿಲಿಮೀಟರನ್ನು ಹೆಕ್ಕಬೇಕಾದರೆ ಗಂಟೆಗಂಟೆಯ ಅಳತೆ ದಶಕಗಟ್ಟಲೆ ಬೇಕು.

ಆ ಅಳತೆಯನ್ನು ಹಿಂದೆ ಮಾಡುತ್ತಿದ್ದದ್ದು ಹೀಗೆ: ಧಕ್ಕೆಗೆ ಅಂಟಿಕೊಂಡಂತೆ ಒಂದು ಕಿರಿದಾದ ಬಾವಿ, ಅದರ ತಳದಲ್ಲಿ ಸಣ್ಣ ತೂತು. ತೂತು ಸಣ್ಣದಾದ್ದರಿಂದ ಹೊರಗಿನ ಅಲೆಯ ಕುಣಿತ ಒಳಗೆ ಬರುವುದಿಲ್ಲ, ನಿಧಾನವಾಗಿ ಏರುವ ಉಬ್ಬರ ಮಾತ್ರ ಬರುತ್ತದೆ. ಒಳಗೆ ತೇಲುವ ಬುರುಡೆಗೆ ತಂತಿ, ತಂತಿಯ ತುದಿಗೆ ಪೆನ್ನು, ಪೆನ್ನಿನ ಕೆಳಗೆ ಗಡಿಯಾರದ ಲೆಕ್ಕಕ್ಕೆ ತಿರುಗುವ ಕಾಗದದ ಸುರುಳಿ. ಈಗ ರೇಡಾರ್ ಮಾಪಕಗಳು ಬಂದಿವೆ. ಆದರೆ ಶತಮಾನದ ಸಾಕ್ಷ್ಯ ನಿಂತಿರುವುದು ಆ ಪೆನ್ನಿನ ಗೆರೆಗಳ ಮೇಲೆಯೇ.

ಉಳ್ಳಾಲದಲ್ಲಿ ಮನೆಗಳು ಕಡಲುಪಾಲಾಗುತ್ತಿವೆ. ಅದಕ್ಕಿಂತ ಸಾಕ್ಷಿ ಬೇಕೇ?

ಈ ಉತ್ತರ ಏರಿಕೆಯನ್ನು ಒಪ್ಪುವವರಿಗೆ ಹಿಡಿಸದಿರಬಹುದು. ಕಡಲ್ಕೊರೆತ ಮತ್ತು ಕಡಲೇರಿಕೆ ಒಂದೇ ಅಲ್ಲ. ದಡದ ಉದ್ದಕ್ಕೂ ಮರಳು ಸಾಗುತ್ತಿರುತ್ತದೆ. ಅಳಿವೆ ಬಾಗಿಲಲ್ಲಿ ಅಲೆ ತಡೆಯುವ ಬ್ರೇಕ್‌ವಾಟರ್ ಕಟ್ಟಿದರೆ ಒಂದು ಕಡೆ ಮರಳು ಕೂಡುತ್ತದೆ, ಇನ್ನೊಂದು ಕಡೆ ಬರಗಾಲ. ಮೇಲೆ ನದಿಗೆ ಅಣೆಕಟ್ಟು, ನದಿಯೊಡಲಲ್ಲಿ ಮರಳುಗಾರಿಕೆ ಸೇರಿದರೆ ಕಡಲಿಗೆ ಬರುವ ಮರಳೇ ಕಡಿಮೆ. ಒಂದೆಡೆ ಬಂಡೆ ಸುರಿದು ತಡೆಗೋಡೆ ಮಾಡಿದರೆ ಕೊರೆತ ಪಕ್ಕದ ಊರಿಗೆ ಜಾರುತ್ತದೆ. ಕಡಲಮಟ್ಟ ಒಂದು ಮಿಲಿಮೀಟರೂ ಏರದಿದ್ದರೂ ಇವೆಲ್ಲ ನಡೆಯುತ್ತವೆ. ಏರಿಕೆ ಇದನ್ನು ಹದಗೆಡಿಸುತ್ತದೆ ನಿಜ, ಆದರೆ ಬಿದ್ದ ಪ್ರತಿ ಮನೆಯನ್ನೂ ಅದರ ಲೆಕ್ಕಕ್ಕೆ ಬರೆದರೆ ಮರಳು ತೆಗೆದವರೂ ಗೋಡೆ ಕಟ್ಟಿದವರೂ ನುಣುಚಿಕೊಳ್ಳುತ್ತಾರೆ.

ಇಂಥದ್ದೇ ಇನ್ನೊಂದು ಚಿತ್ರ ಆಗಾಗ ಹರಿದಾಡುತ್ತದೆ: ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ದೀಪಸ್ತಂಭ, ಬುಡದ ಸುತ್ತ ನೀರು. ಅದು 2004ರ ಡಿಸೆಂಬರ್ 26ರ ಭೂಕಂಪದ ಕೆಲಸ. ಅಲ್ಲಿನ ನೆಲ ಅಂದು ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. ಅದೇ ದಿನ ಅಂಡಮಾನಿನ ಉತ್ತರದ ಕೆಲವು ದ್ವೀಪಗಳು ಮೇಲೆದ್ದು ಹವಳದ ದಿಬ್ಬಗಳು ಬಿಸಿಲಿಗೆ ಬಿದ್ದವು.

ಮಾಲ್ಡೀವ್ಸ್‌ನಲ್ಲಿ ಕಡಲು ಇಳಿದಿದೆ ಎಂದು ಒಬ್ಬ ವಿಜ್ಞಾನಿಯೇ ಹೇಳಿದ್ದಾರಂತೆ?

ಹೇಳಿದ್ದು ನಿಜ. ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ನಿಲ್ಸ್-ಆಕ್ಸೆಲ್ ಮೋರ್ನರ್. ದಾರಿಹೋಕರಲ್ಲ, ಜೀವನವಿಡೀ ಕಡಲಮಟ್ಟವನ್ನೇ ಅಧ್ಯಯನ ಮಾಡಿದವರು. 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಾಲ್ಡೀವ್ಸ್‌ನಲ್ಲಿ 1970ರ ದಶಕದ ಸುಮಾರಿಗೆ ಕಡಲು 20–30 ಸೆಂಟಿಮೀಟರ್ ಇಳಿಯಿತು, ಆಮೇಲೆ ಏರಿಲ್ಲ ಎಂದರು. ದಡದ ಆಕಾರ, ಮರಳಿನ ಪದರ, ಸ್ಥಳೀಯರ ನೆನಪು ಅವರ ಆಧಾರಗಳು. ನೀರಂಚಿನಲ್ಲೇ ದಶಕಗಳಿಂದ ನಿಂತಿದ್ದ ಒಂದು ಮರವನ್ನು ಅವರು ಮುಖ್ಯ ಸಾಕ್ಷಿ ಎಂದರು. ಆ ಮರವನ್ನು ಆಸ್ಟ್ರೇಲಿಯದವರು ಬೇಕೆಂದೇ ಕಿತ್ತರು ಎಂಬ ಆರೋಪವನ್ನೂ ಮಾಡಿದರು. ಸಂಶಯವಾದಿಗಳ ನಡುವೆ ಆ ಮರಕ್ಕೆ ಹುತಾತ್ಮನ ಪಟ್ಟ ಸಿಕ್ಕಿತು.

ಉತ್ತರ ಬರಲು ತಡವಾಗಲಿಲ್ಲ. ಬ್ರಿಟನ್ನಿನ ಫಿಲಿಪ್ ವುಡ್‌ವರ್ಥ್ 2005ರಲ್ಲಿ ಸುತ್ತಲಿನ ಮಾಪಕಗಳು, ಗಾಳಿ, ಹವಾಮಾನದ ದಾಖಲೆಗಳನ್ನು ಜೋಡಿಸಿ ನೋಡಿ, ಅಷ್ಟು ದೊಡ್ಡ ಇಳಿತ ನಡೆದಿರುವುದು ಅಸಂಭವ ಎಂದು ತೋರಿಸಿದರು. ಹಿಂದೂ ಮಹಾಸಾಗರದ ನಡುವೆ ಒಂದು ದೇಶದ ಸುತ್ತ ಮಾತ್ರ ನೀರು ಒಂದಡಿ ಇಳಿದು ಸುಮ್ಮನೆ ನಿಲ್ಲುವುದಿಲ್ಲ. ರಾಜಧಾನಿ ಮಾಲೆಯ ಮಾಪಕವೂ ಉಪಗ್ರಹವೂ ಏರಿಕೆಯನ್ನೇ ತೋರಿಸುತ್ತಿವೆ. ಮೋರ್ನರ್ 2020ರಲ್ಲಿ ತೀರಿಕೊಂಡರು, ಅಭಿಪ್ರಾಯ ಬದಲಿಸಲಿಲ್ಲ.

ಹಾಗೆಂದು ಎದುರು ಬಣ ಪೂರ್ತಿ ಸಾಚಾ ಅಲ್ಲ. 30 ವರ್ಷಗಳಲ್ಲಿ ಮಾಲ್ಡೀವ್ಸ್ ಪೂರ್ತಿ ಮುಳುಗಬಹುದು ಎಂದು ಅಲ್ಲಿನ ಅಧಿಕಾರಿಗಳನ್ನು ಉಲ್ಲೇಖಿಸಿ 1988ರಲ್ಲಿ ಸುದ್ದಿಸಂಸ್ಥೆಯೊಂದು ವರದಿ ಮಾಡಿತ್ತು. 2018 ಬಂತು, ಹೋಯಿತು. 2009ರ ಅಕ್ಟೋಬರ್ 17ರಂದು ಅಧ್ಯಕ್ಷ ಮೊಹಮ್ಮದ್ ನಶೀದ್ ಗಿರಿಫುಶಿ ಬಳಿ ನೀರಿನಡಿಯಲ್ಲಿ ಸಚಿವ ಸಂಪುಟದ ಸಭೆ ನಡೆಸಿದರು. ಉಸಿರಾಟದ ಗಾಳಿಯ ಸಿಲಿಂಡರ್ ಹೊತ್ತ ಮಂತ್ರಿಗಳು ಬಿಳಿಹಲಗೆಯ ಮೇಲೆ ಸಹಿ ಹಾಕಿದ ಚಿತ್ರ ಲೋಕವೆಲ್ಲ ಸುತ್ತಿತು. ಕೋಪನ್‌ಹೇಗನ್ ಹವಾಮಾನ ಶೃಂಗಸಭೆಗೆ ಮೊದಲು ಗಮನ ಸೆಳೆಯಲು ಹೂಡಿದ ಆಟ ಅದು. ರಾಜಕೀಯವಾಗಿ ಜಾಣತನ, ಪುರಾವೆಯಾಗಿ ಶೂನ್ಯ.

ಮುಳುಗುವ ದೇಶ ಹೊಸ ವಿಮಾನ ನಿಲ್ದಾಣ ಕಟ್ಟುತ್ತದೆಯೇ?

ಬದುಕಬೇಕಲ್ಲ, ಪ್ರವಾಸಿಗರು ಬರಬೇಕಲ್ಲ. 1997ರಿಂದ ಅವರು ಕಡಲ ಮರಳನ್ನು ಎತ್ತಿ ಹಾಕಿ ಹುಲ್ಹುಮಾಲೆ ಎಂಬ ದ್ವೀಪವನ್ನೇ ಕಟ್ಟುತ್ತಿದ್ದಾರೆ, ಅದನ್ನು ಹಳೆಯ ಮಾಲೆಗಿಂತ ಎತ್ತರವಾಗಿ ಕಟ್ಟಿದ್ದಾರೆ. ಆ ಎತ್ತರವೇ ಈ ಪ್ರಶ್ನೆಗೆ ಉತ್ತರ.

ಹವಳದ ದ್ವೀಪಗಳು ಮುಳುಗುವ ಬದಲು ಬೆಳೆಯುತ್ತಿವೆ ಎಂಬುದು ಸುಳ್ಳೇ?

ಸುಳ್ಳಲ್ಲ. ನ್ಯೂಜಿಲೆಂಡಿನ ಪಾಲ್ ಕೆಂಚ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದ ಪುಟ್ಟ ದೇಶ ಟುವಾಲುವಿನ 101 ದ್ವೀಪಗಳ ಹಳೆಯ ವೈಮಾನಿಕ ಚಿತ್ರಗಳನ್ನೂ ಉಪಗ್ರಹ ಚಿತ್ರಗಳನ್ನೂ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ನಾಲ್ಕು ದಶಕಗಳಲ್ಲಿ ಒಟ್ಟು ನೆಲ ಶೇ 2.9ರಷ್ಟು ಹೆಚ್ಚಿತ್ತು, ಸುಮಾರು ಮುಕ್ಕಾಲು ಪಾಲು ದ್ವೀಪಗಳು ಹಿಗ್ಗಿದ್ದವು. ಇದೇ ಅವಧಿಯಲ್ಲಿ ಅಲ್ಲಿ ಕಡಲಮಟ್ಟ ಜಗತ್ತಿನ ಸರಾಸರಿಗಿಂತ ವೇಗವಾಗಿ ಏರುತ್ತಿತ್ತು ಎಂದು ಅದೇ ಲೇಖನ ಹೇಳುತ್ತದೆ. ಸಂಶಯವಾದಿಗಳು ಈ ಸಾಲನ್ನು ಓದುವುದಿಲ್ಲ.

ಇಂಥ ದ್ವೀಪ ಬಂಡೆಯಲ್ಲ. ಹವಳದ ಚೂರು, ಚಿಪ್ಪಿನ ಪುಡಿ, ಅಲೆ ಎತ್ತಿ ಹಾಕಿದ ಮರಳಿನ ರಾಶಿ. ಬಿರುಗಾಳಿ ಒಂದು ಮೂಲೆ ಕಡಿದು ಇನ್ನೊಂದು ಮೂಲೆಗೆ ಸೇರಿಸುತ್ತದೆ. ಹವಳ ಜೀವಂತವಾಗಿದ್ದು ಮರಳು ಒದಗುವವರೆಗೆ ದ್ವೀಪ ಕಡಲಿನೊಂದಿಗೆ ಹೊಂದಿಕೊಳ್ಳಬಹುದು. ವಿಸ್ತೀರ್ಣ ಹೆಚ್ಚಿದ ಮಾತ್ರಕ್ಕೆ ಬಾವಿಯ ನೀರು ಸಿಹಿಯಾಗಿ ಉಳಿಯುವುದಿಲ್ಲ, ಕೆಸುವಿನ ಗುಂಡಿಗೆ ಉಪ್ಪುನೀರು ಬರುವುದು ನಿಲ್ಲುವುದಿಲ್ಲ. ಟುವಾಲು 2023ರಲ್ಲಿ ತನ್ನ ಪ್ರಜೆಗಳಿಗೆ ಆಸ್ಟ್ರೇಲಿಯದಲ್ಲಿ ನೆಲೆಸುವ ದಾರಿ ತೆರೆಯುವ ಒಪ್ಪಂದಕ್ಕೆ ಸಹಿ ಹಾಕಿತು.

ಟಾಸ್ಮೇನಿಯಾದ ಬಂಡೆಗುರುತಿನ ಗಲಾಟೆ ಏನು?

ಇಡೀ ವಿವಾದದಲ್ಲಿ ನನಗೆ ಅಚ್ಚುಮೆಚ್ಚಿನದು ಇದು. ಪೋರ್ಟ್ ಆರ್ಥರ್ ಕೈದಿಗಳ ವಸಾಹತಿನ ಎದುರು ‘ಸತ್ತವರ ದ್ವೀಪ’ ಎಂಬ ಸ್ಮಶಾನದ್ವೀಪವಿದೆ. 1841ರಲ್ಲಿ ಅಂಟಾರ್ಟಿಕ ಅನ್ವೇಷಕ ಜೇಮ್ಸ್ ಕ್ಲಾರ್ಕ್ ರಾಸ್ ಮತ್ತು ವಸಾಹತಿನ ಅಧಿಕಾರಿ ಥಾಮಸ್ ಲೆಂಪ್ರಿಯೆರ್ ಅಲ್ಲಿನ ಬಂಡೆಯ ಮೇಲೆ ಗುರುತು ಹಾಕಿಸಿದರು. ಅದು ಸರಾಸರಿ ಕಡಲಮಟ್ಟ ಎಂದು ರಾಸ್ ಬರೆದರು. ಆದರೆ ಗುರುತು ಇಂದು ಸರಾಸರಿ ಮಟ್ಟಕ್ಕಿಂತ ಮೇಲಿದೆ! ಹಾಗಾದರೆ ಕಡಲು ಇಳಿದಿದೆ ಎಂದು ಟಾಸ್ಮೇನಿಯಾದವರೇ ಆದ ಸಂಶಯವಾದಿ ಜಾನ್ ಡಾಲಿ ಪಟ್ಟುಹಿಡಿದರು. ರಾಸ್ ಬರೆದದ್ದನ್ನು ನಂಬಿದರೆ ಆ ವಾದದಲ್ಲಿ ತಪ್ಪೇನೂ ಇಲ್ಲ.

ಲೆಂಪ್ರಿಯೆರ್ ಅಂದು ಬರೆದಿಟ್ಟ ಉಬ್ಬರವಿಳಿತದ ಮೂಲ ಅಂಕಿಗಳು ಲಂಡನ್‌ನ ರಾಯಲ್ ಸೊಸೈಟಿಯ ಕಡತಗಳಲ್ಲಿ 1990ರ ದಶಕದಲ್ಲಿ ಸಿಕ್ಕವು. ಅವುಗಳನ್ನು ಇಂದಿನ ಅಳತೆಯೊಂದಿಗೆ ಕೂಡಿಸಿ ನೋಡಿದಾಗ, ಗುರುತು ಹಾಕಿದ ದಿನವೇ ಅದು ಸರಾಸರಿಗಿಂತ ಸಾಕಷ್ಟು ಎತ್ತರದಲ್ಲಿತ್ತು ಎಂದು ತಿಳಿಯಿತು. ಕಡಲು ಅಲ್ಲಿಂದೀಚೆಗೆ ಸುಮಾರು 13 ಸೆಂಟಿಮೀಟರ್ ಏರಿತ್ತು.

ಉಪಗ್ರಹದ ಅಂಕಿಗಳನ್ನು ತಿದ್ದಿದ್ದಾರಂತೆ?

ಹೌದು, ಬಹಿರಂಗವಾಗಿಯೇ. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್‌ನಿಂದ ಹಿಡಿದು ಇಂದಿನವರೆಗೆ ಸರಣಿ ಉಪಗ್ರಹಗಳು ಸುಮಾರು 1,336 ಕಿಲೋಮೀಟರ್ ಎತ್ತರದಿಂದ ರೇಡಾರ್ ಅಲೆ ಕಳಿಸಿ, ಅದು ಮರಳುವ ಸಮಯದಿಂದ ನೀರಿನ ಎತ್ತರ ಅಳೆಯುತ್ತಿವೆ. ಗಾಳಿಯ ತೇವ, ಕಕ್ಷೆಯ ಅಲುಗಾಟ, ಉಪಕರಣದ ಮುಪ್ಪು, ಎಲ್ಲಕ್ಕೂ ತಿದ್ದುಪಡಿ ಬೇಕು.

ಜಗಳ ಕಾವೇರಿದ್ದು 2011ರಲ್ಲಿ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ತಂಡ ವರ್ಷಕ್ಕೆ 0.3 ಮಿಲಿಮೀಟರನ್ನು ಸೇರಿಸತೊಡಗಿತು. ಹಿಮಯುಗದ ಹೊರೆ ಸರಿದ ಮೇಲೆ ಕಡಲ ತಳ ನಿಧಾನವಾಗಿ ಕುಸಿಯುತ್ತಿದೆ, ಪಾತ್ರ ದೊಡ್ಡದಾಗುತ್ತಿದೆ, ಆದ್ದರಿಂದ ನೀರಿನ ಒಟ್ಟು ಗಾತ್ರ ತಿಳಿಯಲು ಇದನ್ನು ಸೇರಿಸಬೇಕು ಎಂಬುದು ಅವರ ಸಮರ್ಥನೆ. ದಡದಲ್ಲಿ ನಿಂತವನಿಗೆ ಆ 0.3 ಕಾಣುವುದೇ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದನ್ನು ಪೂರ್ತಿ ಕಿತ್ತರೂ ವರ್ಷಕ್ಕೆ ಮೂರು ಮಿಲಿಮೀಟರಿನ ಆಸುಪಾಸು ಉಳಿಯುತ್ತದೆ. ಟೋಪೆಕ್ಸ್‌ನ ಮೊದಲ ಆರು ವರ್ಷಗಳ ದೋಷ ಸರಿಪಡಿಸಿದಾಗ ಆ ಅವಧಿಯ ಏರಿಕೆ ಕಡಿಮೆಯೇ ಆಯಿತು. ಅಂಕಿ ಉಬ್ಬಿಸುವ ಪಿತೂರಿಗಾರರು ಮಾಡುವ ಕೆಲಸವಲ್ಲ ಅದು.

ಉಪಗ್ರಹವನ್ನು ನಂಬದವರಿಗೂ ದಾರಿಯಿದೆ. ಸುಮಾರು ನಾಲ್ಕು ಸಾವಿರ ಆರ್ಗೊ ತೇಲುಯಂತ್ರಗಳು ಎರಡು ಕಿಲೋಮೀಟರ್ ಆಳಕ್ಕೆ ಮುಳುಗಿ ಎದ್ದು ನೀರಿನ ಬಿಸಿ ಅಳೆಯುತ್ತವೆ. ಭಾರತದ ಪಾಲಿನವನ್ನು ನೋಡಿಕೊಳ್ಳುವುದು ಹೈದರಾಬಾದಿನ ಸರ್ಕಾರಿ ಕಡಲ ಮಾಹಿತಿ ಕೇಂದ್ರ ಇನ್ಕಾಯಿಸ್. ನೀರು ಬಿಸಿಯಾಗಿ ಎಷ್ಟು ಹಿಗ್ಗಿತು ಎಂಬುದು ಅಲ್ಲಿಂದ ಸಿಗುತ್ತದೆ. 2002ರಲ್ಲಿ ಹಾರಿದ ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವದ ಸೂಕ್ಷ್ಮ ಬದಲಾವಣೆಯಿಂದ ಹಿಮ ಎಷ್ಟು ಕರಗಿ ಕಡಲು ಸೇರಿತು ಎಂದು ತೂಗಿದವು. ಈ ಎರಡನ್ನು ಕೂಡಿಸಿದರೆ ಬರುವ ಮೊತ್ತ ರೇಡಾರ್ ಅಳತೆಗೆ ಹತ್ತಿರ ಹತ್ತಿರ ತಾಳೆಯಾಗುತ್ತದೆ. ಬೇರೆ ಬೇರೆ ಯಂತ್ರ, ಬೇರೆ ಬೇರೆ ತತ್ತ್ವ, ಒಂದೇ ಉತ್ತರ.

ಲೋಟದಲ್ಲಿ ಐಸು ಕರಗಿದರೆ ನೀರು ಉಕ್ಕುವುದಿಲ್ಲವಲ್ಲ?

ಸರಿ, ಅದು ತೇಲುವ ಐಸು. ಗ್ರೀನ್‌ಲೆಂಡಿನ ಹಿಮ ಲೋಟದಲ್ಲಿಲ್ಲ, ನೆಲದ ಮೇಲಿದೆ. ಅದಷ್ಟೂ ಕರಗಿದರೆ ಕಡಲು ಏಳು ಮೀಟರಿಗಿಂತ ಹೆಚ್ಚು ಏರುತ್ತದೆ.

ಬಂಡೆ, ಮಣ್ಣು ಬಿದ್ದು ಕಡಲು ಏರುತ್ತಿರಬಹುದೇ?

2018ರಲ್ಲಿ ಅಮೆರಿಕದ ಸಂಸತ್ ಸದಸ್ಯ ಮೊ ಬ್ರೂಕ್ಸ್ ಸಮಿತಿಯ ಸಭೆಯಲ್ಲಿ ಇದನ್ನು ಕೇಳಿ ನಗೆಪಾಟಲಾದರು. ನಗುವ ಬದಲು ಲೆಕ್ಕ ಹಾಕಬಹುದಿತ್ತು. ಕಡಲು ಒಂದು ಮಿಲಿಮೀಟರ್ ಏರಲು ಸುಮಾರು 361 ಘನ ಕಿಲೋಮೀಟರ್ ಬೇಕು. ವರ್ಷಕ್ಕೆ 3.7 ಮಿಲಿಮೀಟರ್ ಎಂದರೆ 1,300 ಘನ ಕಿಲೋಮೀಟರಿಗೂ ಹೆಚ್ಚು. ಜಗತ್ತಿನ ನದಿಗಳೆಲ್ಲ ಸೇರಿ ತರುವ ಹೂಳು ಅದರ ನೂರರಲ್ಲಿ ಒಂದು ಪಾಲಿನ ಆಸುಪಾಸು.

ಹಿಂದೆಯೂ ಕಡಲು ತಾನಾಗಿ ಏರಿರಲಿಲ್ಲವೇ?

ಏರಿತ್ತು. ಹಿಮಯುಗದ ಉತ್ತುಂಗದಿಂದ ಇಲ್ಲಿಯವರೆಗೆ ಸುಮಾರು 120 ಮೀಟರ್. ಆದರೆ ಕೆಲವು ಸಾವಿರ ವರ್ಷಗಳ ಹಿಂದೆ ಆ ಏರಿಕೆ ಹೆಚ್ಚುಕಡಿಮೆ ನಿಂತಿತು. ಬಂದರು, ದೇವಸ್ಥಾನ, ನಗರಗಳನ್ನೆಲ್ಲ ಮನುಷ್ಯ ಕಟ್ಟಿದ್ದು ಆ ನೆಮ್ಮದಿಯ ಕಾಲದಲ್ಲಿ. ಕಳೆದ ಮೂರು ಸಾವಿರ ವರ್ಷಗಳ ಯಾವ ಶತಮಾನದಲ್ಲೂ 1900ರಿಂದೀಚೆಗಿನಷ್ಟು ವೇಗ ಇರಲಿಲ್ಲ.

ನಡುವೆ ಒಮ್ಮೆ ಇಳಿದಿತ್ತಂತೆ?

2010–11ರಲ್ಲಿ ಸುಮಾರು ಐದು ಮಿಲಿಮೀಟರ್. ಪ್ರಬಲ ಲಾ ನಿನಾ ಕಾಲ ಅದು, ಎಂದರೆ ಪೆಸಿಫಿಕ್ ಸಾಗರದ ನಡುಭಾಗ ತಣ್ಣಗಾಗಿ ಮಳೆಯ ಹಂಚಿಕೆ ಬದಲಾಗುವ ಕಾಲ. ಆಸ್ಟ್ರೇಲಿಯದ ಒಳನಾಡಿನಲ್ಲಿ ಸುರಿದ ಮಳೆ ಕಡಲಿಗೆ ಹರಿಯಲು ದಾರಿಯಿಲ್ಲದೆ ಐರ್ ಸರೋವರದಂಥ ತಗ್ಗುಗಳಲ್ಲಿ ನಿಂತಿತ್ತು. ಆ ನೀರು ಆವಿಯಾಗಿ ಮರಳಿದ ಮೇಲೆ ಗೆರೆ ಮತ್ತೆ ಹಳೆಯ ಹಾದಿ ಹಿಡಿಯಿತು.

ಕಡಲೇರಿಕೆಯನ್ನು ಕಾನೂನಿನಿಂದ ನಿಷೇಧಿಸಿದ ರಾಜ್ಯ ಇದೆಯೇ?

ಹಾಸ್ಯಗಾರರು ಹಾಗೆ ಹೇಳಿ ನಗಿಸಿದ್ದು ಅಮೆರಿಕದ ಉತ್ತರ ಕೆರೊಲಿನಾ ಬಗ್ಗೆ. 2010ರಲ್ಲಿ ಅಲ್ಲಿನ ಕರಾವಳಿ ಆಯೋಗದ ವಿಜ್ಞಾನ ಸಮಿತಿ, 2100ರ ಹೊತ್ತಿಗೆ ಒಂದು ಮೀಟರ್ ಏರಿಕೆ ಇಟ್ಟುಕೊಂಡು ಯೋಜನೆ ಮಾಡಿ ಎಂದಿತು. ಕರಾವಳಿಯ ಜಿಲ್ಲೆಗಳ ನಿವೇಶನ, ಕಟ್ಟಡ ವ್ಯವಹಾರದವರು ಕೆರಳಿದರು. ನಕ್ಷೆಯಲ್ಲಿ ಗೆರೆ ಬಿದ್ದರೆ ಜಾಗದ ಬೆಲೆ ಬೀಳುತ್ತದೆ, ವಿಮೆ ಏರುತ್ತದೆ. 2012ರ ಮಸೂದೆಯ ಒಂದು ಕರಡಿನಲ್ಲಿ, ಹಿಂದಿನ ಅಂಕಿಗಳನ್ನು ನೇರ ಗೆರೆಯಾಗಿ ಎಳೆಯಬೇಕೇ ಹೊರತು ಏರಿಕೆಯ ವೇಗ ಹೆಚ್ಚುತ್ತದೆಂದು ಲೆಕ್ಕ ಹಾಕಕೂಡದು ಎಂದೇ ಇತ್ತು. ಕೊನೆಗೆ ಬಂದ ಕಾನೂನು ಅಷ್ಟು ಬಿಗಿಯಾಗಿರಲಿಲ್ಲ. ನಾಲ್ಕು ವರ್ಷ ತಡೆ, ಹೊಸ ಅಧ್ಯಯನ. 2015ರ ಹೊಸ ವರದಿ ಮುಂದಿನ 30 ವರ್ಷಕ್ಕಷ್ಟೇ ಸೀಮಿತವಾಯಿತು. ವಿಜ್ಞಾನದ ವೇಷ ತೊಟ್ಟ ಆಸ್ತಿಯ ಜಗಳ ಹೇಗಿರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. ಅದೇ ರಾಜ್ಯದ ರೊಡಾಂತೆಯಲ್ಲಿ 2020ರಿಂದೀಚೆಗೆ ಒಂದರ ಹಿಂದೊಂದು ಕಡಲಂಚಿನ ಮನೆಗಳು ಬಿದ್ದಿವೆ. ಅಲ್ಲೂ ಕೊರೆತದ ಪಾಲು ದೊಡ್ಡದು, ಉಳ್ಳಾಲಕ್ಕೆ ಹೇಳಿದ ಎಚ್ಚರಿಕೆ ಅಲ್ಲಿಗೂ ಸಲ್ಲುತ್ತದೆ.

2050ಕ್ಕೆ ಮುಂಬೈ ಮುಳುಗುವ ನಕ್ಷೆ ನಂಬಬಹುದೇ?

2019ರಲ್ಲಿ ಹರಡಿದ ಆ ನಕ್ಷೆ ತೋರಿಸಿದ್ದು ಶಾಶ್ವತವಾಗಿ ಮುಳುಗುವ ಜಾಗವನ್ನಲ್ಲ, ವರ್ಷಕ್ಕೊಮ್ಮೆಯ ದೊಡ್ಡ ನೆರೆಯ ಮಟ್ಟಕ್ಕಿಂತ ತಗ್ಗಾದ ಜಾಗವನ್ನು. ತಡೆಗೋಡೆಗಳನ್ನೂ ಅದು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಲೆಬರಹಗಳು ಈ ವಿವರವನ್ನು ನುಂಗಿದವು.

ಹಾಗಾದರೆ ವಿಜ್ಞಾನಿಗಳು ಜಗಳವಾಡುವುದೇ ಇಲ್ಲವೇ?

ಧಾರಾಳವಾಗಿ ಆಡುತ್ತಾರೆ, ಆದರೆ ಬೇರೆ ಪ್ರಶ್ನೆಗೆ. 2100ರೊಳಗೆ ಎಷ್ಟು? ಐಪಿಸಿಸಿ ಕೊಡುವ ಸಂಭವನೀಯ ವ್ಯಾಪ್ತಿ, ನಾವು ಉಗುಳುವ ಹೊಗೆಯನ್ನು ಅವಲಂಬಿಸಿ, ಸುಮಾರು 28 ಸೆಂಟಿಮೀಟರಿನಿಂದ ಒಂದು ಮೀಟರ್. ಎರಡು ಮೀಟರ್ ಹತ್ತಿರ ಹೋಗುವುದನ್ನೂ ತಳ್ಳಿಹಾಕಲಾಗದು ಎಂಬ ಅಡಿಟಿಪ್ಪಣಿ ಬೇರೆ. ಕಾರಣ ಅಂಟಾರ್ಟಿಕ. ಅಲ್ಲಿನ ಎತ್ತರದ ಹಿಮಗೋಡೆಗಳು ತಮ್ಮ ಭಾರಕ್ಕೇ ಸಾಲಾಗಿ ಕುಸಿದರೆ ಆ ಖಂಡವೊಂದೇ ಈ ಶತಮಾನದಲ್ಲಿ ಒಂದು ಮೀಟರ್ ಕೂಡಿಸಬಹುದು ಎಂದು 2016ರಲ್ಲಿ ಇಬ್ಬರು ಅಮೆರಿಕನ್ ಸಂಶೋಧಕರು ಬರೆದರು. 2021ರಲ್ಲಿ ಅವರ ಅಂದಾಜೇ ತಗ್ಗಿತು. ಗೋಡೆಗಳು ನಿಜಕ್ಕೂ ಹಾಗೆ ಕುಸಿಯುತ್ತವೆಯೇ ಎಂಬ ವಾದ ಇನ್ನೂ ಬಿಸಿಯಾಗಿದೆ.

ಕರ್ನಾಟಕದ ಕರಾವಳಿಗೆ ಇದರಿಂದ ಏನು?

ಸುಮಾರು 320 ಕಿಲೋಮೀಟರ್ ದಡದಲ್ಲಿ ಏರಿಕೆ ಮೊದಲು ಕಾಣುವುದು ಬಿದ್ದ ಮನೆಗಳಲ್ಲಿ ಅಲ್ಲ, ಉಪ್ಪಿನಲ್ಲಿ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೋಡಿ. ಮಣ್ಣಿನ ಏರಿ ಕಟ್ಟಿ, ಬಾಗಿಲು ಇಟ್ಟು, ಉಪ್ಪುನೀರನ್ನು ಬೇಕಾದಾಗ ಬಿಟ್ಟು ಬೇಡವಾದಾಗ ತಡೆದು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವ ವ್ಯವಸ್ಥೆ ಅದು. ಕಗ್ಗ ನೆರೆಯನ್ನೂ ಒಂದಿಷ್ಟು ಉಪ್ಪನ್ನೂ ತಾಳುತ್ತದೆ. ಆದರೆ ಏರಿಯ ಎತ್ತರ ಹಿರಿಯರು ಕಂಡ ಉಬ್ಬರಕ್ಕೆ ಲೆಕ್ಕ ಹಾಕಿದ್ದು. ಹತ್ತು ಸೆಂಟಿಮೀಟರ್ ಹೆಚ್ಚಿದರೆ, ಹುಣ್ಣಿಮೆಯ ಉಬ್ಬರಕ್ಕೆ ಮಳೆನೀರು ಎದುರಾದ ದಿನ ಏರಿ ಒಡೆಯುವ ಸಂಭವ ಹೆಚ್ಚುತ್ತದೆ. ಸಿಗಡಿ ಕೃಷಿಗೆ ತಿರುಗಿ ಏರಿ ನೋಡಿಕೊಳ್ಳುವವರೇ ಕಡಿಮೆಯಾದಲ್ಲಿ ಇನ್ನೂ ಹೆಚ್ಚು.

ನಮ್ಮಲ್ಲಿ ಉತ್ತರ ಕೆರೊಲಿನಾದಂಥ ಕಾನೂನು ಜಗಳ ಇಲ್ಲವೇ?

ಸದ್ದಿಲ್ಲದ ರೂಪದಲ್ಲಿ ಇದೆ. ಭಾರತದಲ್ಲಿ ಕಡಲು ಏರುತ್ತಿಲ್ಲ ಎಂದು ಯಾವ ಸರ್ಕಾರವೂ ಹೇಳುವುದಿಲ್ಲ. ಭೂವಿಜ್ಞಾನ ಸಚಿವಾಲಯವೇ ಏರಿಕೆಯ ಅಂಕಿಗಳನ್ನು ಸಂಸತ್ತಿನ ಮುಂದಿಟ್ಟಿದೆ. ಕೊರೆತ, ನೆರೆ, ಕಡಲೇರಿಕೆ ಲೆಕ್ಕ ಹಾಕಿ ಸರ್ವೆ ಆಫ್ ಇಂಡಿಯಾ ಇಡೀ ದೇಶದ ಕರಾವಳಿಗೆ ಅಪಾಯರೇಖೆಯನ್ನೂ ಗುರುತಿಸಿದೆ. ಆದರೆ 2019ರ ಕರಾವಳಿ ನಿಯಂತ್ರಣ ವಲಯದ, ಎಂದರೆ ಸಿಆರ್‌ಝಡ್ ಅಧಿಸೂಚನೆಯಲ್ಲಿ ಆ ರೇಖೆಗೆ ಕಟ್ಟಡ ತಡೆಯುವ ಬಲ ಕೊಡಲಿಲ್ಲ, ಯೋಜನೆಗೆ ನೆರವಾಗುವ ಮಾಹಿತಿ ಎಂದಷ್ಟೇ ಇಟ್ಟರು. ಅದೇ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿ ಕಟ್ಟಡ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ನಿಮ್ಮ ಊರು ಕರಾವಳಿಯದ್ದಾದರೆ, ಆ ರೇಖೆ ನಿಮ್ಮ ಸರ್ವೆ ನಂಬರಿನ ಯಾವ ಕಡೆ ಬಿದ್ದಿದೆ ಎಂದು ವಿಚಾರಿಸಿ. ಮನೆ ಕಟ್ಟಲು ಅನುಮತಿ ಸಿಕ್ಕ ಮಾತ್ರಕ್ಕೆ ಜಾಗ ಆ ರೇಖೆಯ ಆಚೆಗಿದೆ ಎಂದರ್ಥವಲ್ಲ.